ಚತುರ್ದಶಿಯ ಕೋಡುಬಳೆ

ಧರ್ಮಾವತಮ್ಮ ಸೊಸೆಯನ್ನು ಬೈಯುವುದನ್ನು ಬಿಟ್ಟಿದ್ದಾರೆ ಎಂಬ ಸುದ್ದಿ ಹೊಸನಗರದ ಪೇಟೆಬೀದಿಯಲ್ಲಿ ಹಬ್ಬಿದಾಗ ಊರು ಕೈಮುಗಿಯಿತು. ವೈರಾಗ್ಯ ಬಂದಿದೆ ಎಂದರು ಬಸದಿಯ ಹೆಂಗಸರು. ಜೀವ ಪಕ್ವವಾಗಿದೆ ಎಂದರು ಗಂಡಸರು. ಸೊಸೆ ವಾರಿಜಾಕ್ಷಿಯ ಎದೆ ಮಾತ್ರ ಧಸಕ್ಕೆಂದಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಹಾಗಿರುವಾಗ ಸುಡದೆ, ಬೇಯದೆ, ಸುಮ್ಮಸುಮ್ಮನೆ ಅತ್ತೆಯ ಬೈಗುಳ ಹೋದದ್ದಾದರೂ ಎಲ್ಲಿಗೆ?

ಆ ಅತ್ತೆ ಸೊಸೆಯರದು ಎಣ್ಣೆ ಸೀಗೆಕಾಯಿ ಸಂಬಂಧ. ವಾರಿಜಾಕ್ಷಿ ತೀರ್ಥಹಳ್ಳಿಯಿಂದ ಈ ಜವಳಿ ಅಂಗಡಿಯವರ ಮನೆಗೆ ಮದುವೆಯಾಗಿ ಬಂದು ಮಾಡಿದ ಮೊದಲ ಸಾರಿಗೇ ಧರ್ಮಾವತಮ್ಮ ಮುಖ ಸಿಂಡರಿಸಿದ್ದರು. ಅಲ್ಲಿಂದ ಇಲ್ಲಿಯವರೆಗೆ ಒಂದು ದಿನವೂ ಸೊಸೆಯ ಸಾರು ಅವರಿಗೆ ಸರಿಬಂದಿರಲಿಲ್ಲ. ಉಪ್ಪು ಹೆಚ್ಚು. ಉಪ್ಪು ಸರಿಯಿದ್ದ ದಿನ ಹುಳಿ ಕಮ್ಮಿ. ಎರಡೂ ಸರಿಯಿದ್ದ ದಿನ, "ಬಿಸಿ ಸಾಲ್ದು. ನಿಮ್ಮಪ್ಪನ ಮನೇಲಿ ಸೌದೆ ಎಣಿಸಿ ಉರಿಸ್ತಾರೇನು?" ವಾರಿಜಾಕ್ಷಿಯೂ ಬಿಟ್ಟುಕೊಡುವವಳಲ್ಲ. "ಬಿಸಿ ಬೇಕಿದ್ರೆ ಒಲೆ ಬುಡದಲ್ಲೇ ಎಲೆ ಹಾಕ್ತೀನಿ, ಬನ್ನಿ" ಎನ್ನುವವಳು. ಹೊರಗಿನವರು ಅದನ್ನು ಜಗಳ ಎಂದುಕೊಂಡಿದ್ದರು. ಒಳಗಿನವರಿಗೆ ಅದು ಬೆಳಗಿನ ಕೋಳಿಯ ಕೂಗು; ಕೇಳದಿದ್ದರೆ ದಿನವೇ ಶುರುವಾಗುತ್ತಿರಲಿಲ್ಲ.

ಇದಕ್ಕೆಲ್ಲ ಬೀಜ ಬಿದ್ದದ್ದು ಭಾದ್ರಪದದ ಚತುರ್ದಶಿಯಂದು, ಅನಂತನ ನೋಂಪಿಯ ದಿನ. ನೋಂಪಿಯೆಂದರೆ ಜೈನರ ಮನೆಯ ವ್ರತ, ದಿನವಿಡೀ ಉಪವಾಸ. ಮಾಮೂಲು ದಿನಗಳಲ್ಲೇ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕದ ಮನೆ ಅದು. ನೋಂಪಿ ಹಿಡಿದ ಹೆಂಗಸರಿಗೆಲ್ಲ ಧರ್ಮಾವತಮ್ಮನೇ ಹಿರಿಯರು. "ಒಂದು ದಿನ ಬಾಯಿ ಕಟ್ಟೋಕಾಗ್ದವರು ಕರ್ಮ ಹ್ಯಾಂಗೆ ಕಳ್ಕೊಳ್ತೀರಿ?" ಎಂದು ಎಳೆಯರನ್ನು ಗದರುವವರು. ಅಂಥ ದಿನ, ದೀಪ ಹಚ್ಚಿ ಸ್ವಲ್ಪ ಹೊತ್ತಾಗಿರಬೇಕು, ಅಟ್ಟದ ಕಡೆ ದಡಾರೆಂದು ಸದ್ದಾಯಿತು. ವಾರಿಜಾಕ್ಷಿ ಓಡಿದಳು. ಏಣಿಯ ಬುಡದಲ್ಲಿ ಅತ್ತೆ ಕಾಲು ಚಾಚಿ ಕೂತಿದ್ದರು, ತಲೆಯ ಬಲಪಕ್ಕಕ್ಕೆ ಕೈ ಒತ್ತಿಕೊಂಡಿದ್ದರು. ಸುತ್ತ ಡಬ್ಬಿಯಿಂದ ಚೆಲ್ಲಿದ ಕೋಡುಬಳೆ. ತುಟಿಯ ಅಂಚಿನಲ್ಲಿ ಪುಡಿ. ಇಳಿಯುವ ಅವಸರದಲ್ಲಿ ತೊಲೆಗೆ ತಲೆ ಬಡಿದು ಏಣಿಯಿಂದ ಜಾರಿದ್ದರು.

ವಾರಿಜಾಕ್ಷಿಗೆ ನಗು ಬಂತು, ನುಂಗಿಕೊಂಡಳು.

"ಎಂತ ಕಣ್ಣು ಬಿಡ್ತಾ ನಿಂತಿದೀಯೇ? ಆರಿಸು ಮೊದ್ಲು!" ಎಂದರು ಅತ್ತೆ.

"ತಲೆಗೆ ಪೆಟ್ಟಾಗಿದೆಯಲ್ಲ ಅತ್ತೆ. ಇವರನ್ನ ಕರೀತೀನಿ ತಡೀರಿ."

"ಕರೆದ್ಯೋ, ನಿನ್ನ ಮೋರೆ ಮತ್ತೆ ನೋಡೋಲ್ಲ ನಾನು. ತಾಳಿ ಮುಟ್ಟಿ ಆಣೆ ಇಡು. ತಿಂದದ್ದೂ ಹೇಳ್ಬಾರ್ದು, ಬಿದ್ದದ್ದೂ ಹೇಳ್ಬಾರ್ದು."

ಬೈಯುವ ಆ ದನಿಯೊಳಗೆ ನಡುಕವಿತ್ತು. ಊರಿಗೆ ಉಪದೇಶ ಹೇಳುವ ಮುದುಕಿ ಸೊಸೆಯ ಮುಂದೆ ಕಳ್ಳಿಯ ಹಾಗೆ ಕೂತಿದ್ದು ನೋಡಿ ವಾರಿಜಾಕ್ಷಿಗೆ ಕರುಳು ಚುರ್ರೆಂದಿತು. ತಾಳಿ ಮುಟ್ಟಿ ಆಣೆ ಇಟ್ಟಳು. ಕೋಡುಬಳೆ ಆರಿಸಿ ಡಬ್ಬಿಗೆ ತುಂಬಿದಳು. ಪೆಟ್ಟಾದ ಕಡೆ ನೆಲ್ಲಿಕಾಯಿಯಷ್ಟು ಬುಗುಟು ಎದ್ದಿತ್ತು. ನಾಲ್ಕು ದಿನದಲ್ಲಿ ಅದೂ ಇಳಿಯಿತು, ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಮುಗಿದಿರಲಿಲ್ಲ. ದಸರೆ ಕಳೆದ ಮೇಲೆ, ಊರಿಗಿಂತ ಮೊದಲೇ ಏಳುತ್ತಿದ್ದ ಧರ್ಮಾವತಮ್ಮ ಬೆಳಗ್ಗೆ ಹಾಸಿಗೆಯ ಮೇಲೇ ತಲೆ ಹಿಡಿದುಕೊಂಡು ಕೂರತೊಡಗಿದರು. ಹೊತ್ತು ಏರಿದಂತೆ ನೋವು ಇಳಿಯುವುದು, ಮರುದಿನ ಬೆಳಗಾದರೆ ಮತ್ತೆ ಅದೇ. ಕೆಮ್ಮಿದರೆ, ಬಗ್ಗಿದರೆ ತಲೆ ಒಡೆದೇ ಹೋಗುತ್ತದೆ ಎನ್ನುವರು. ಒಂದು ದಿನ ಹೊಟ್ಟೆ ತೊಳಸುವುದು ಗಿಳಸುವುದು ಏನೂ ಇಲ್ಲದೆ, ಮಾತಾಡುತ್ತಿದ್ದವರು ಹಾಗೇ ಭಳ್ಳೆಂದು ವಾಂತಿ ಮಾಡಿದರು. ಪಂಡಿತರು ಬಂದು ನಾಡಿ ನೋಡಿ, "ಉಪವಾಸ ಮಾಡೀ ಮಾಡೀ ಪಿತ್ತ ನೆತ್ತಿಗೇರಿದೆ" ಎಂದು ನೆಲ್ಲಿಕಾಯಿ ಲೇಹ್ಯ ಕೊಟ್ಟರು. ಪಿತ್ತವೇ ಇರಬಹುದು ಎಂದು ವಾರಿಜಾಕ್ಷಿಯೂ ನಂಬಲು ನೋಡಿದಳು.

ಆದರೆ ಅತ್ತೆ ಚೊಂಬಿನ ನೀರನ್ನು ಲೋಟದೊಳಗೆ ಸುರಿಯುವ ಬದಲು ಪಕ್ಕಕ್ಕೆ ಸುರಿದರು. "ಎರಡು ಲೋಟ ಯಾಕಿಟ್ಟಿದೀಯೇ?" ಎಂದರು. ಇದ್ದದ್ದು ಒಂದೇ. ಆಮೇಲೆ ಎಡಗಾಲಿನ ಚಪ್ಪಲಿ ತಾನಾಗಿ ಕಳಚಿ ಹಿಂದೆ ಬೀಳತೊಡಗಿತು, ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಕೊನೆಗೊಂದು ದಿನ, ಸಾರಿಗೆ ಹುಳಿ ಸಾಲದೆಂದು ಬೈಯಲು ಬಾಯಿ ತೆರೆದವರು ಆಕಳಿಸಿ, ಬೈಗುಳದ ನಡುವೆಯೇ ತೂಕಡಿಸಿಬಿಟ್ಟರು.

ಆಗ ವಾರಿಜಾಕ್ಷಿಯ ಕೈಯಿಂದ ಸೌಟು ಜಾರಿತು. ಇದನ್ನು ಅವಳು ನೋಡಿದ್ದಳು. ಅವಳಿನ್ನೂ ಲಂಗದ ಹುಡುಗಿಯಾಗಿದ್ದಾಗ ತೀರ್ಥಹಳ್ಳಿಯ ಮನೆಯಲ್ಲಿ ಅಣ್ಣ ಪದ್ಮಪ್ರಸಾದ ಮಂಗಗಳು ಒಡೆದ ಹೆಂಚು ಸರಿಮಾಡಲು ಮಾಡು ಹತ್ತಿ ಜಾರಿ ಬಿದ್ದಿದ್ದ. ನಗುತ್ತಲೇ ಎದ್ದು ಮಣ್ಣು ಕೊಡವಿಕೊಂಡಿದ್ದ. ಕೆಲವು ವಾರದ ಮೇಲೆ ಬೆಳಗಿನ ತಲೆನೋವು, ಹೇಳದೆ ಕೇಳದೆ ಬರುವ ವಾಂತಿ, ಒಂದು ಎರಡಾಗಿ ಕಾಣುವುದು, ಮಂಪರು. ದೃಷ್ಟಿ ತೆಗೆದರು, ಲೇಹ್ಯ ಕೊಟ್ಟರು, ಹರಕೆ ಹೊತ್ತರು. ಡಾಕ್ಟರು ಬರುವ ಹೊತ್ತಿಗೆ ಅಣ್ಣನ ಒಂದು ಕಣ್ಣಿನ ಪಾಪೆ ಹಿಗ್ಗಿ ಕಣ್ಣೆಲ್ಲ ಕಪ್ಪಾಗಿತ್ತು. ಡಾಕ್ಟರು ಅಪ್ಪನಿಗೆ ಹೇಳಿದ್ದು ಬಾಗಿಲ ಸಂದಿಯಲ್ಲಿ ನಿಂತಿದ್ದ ಅವಳಿಗೆ ಕೇಳಿಸಿತ್ತು: "ಒಳಗೆ ರಕ್ತ ಜಿನುಗಿ ಕೂತಿದೆ. ಬುರುಡೆ ಹಿಗ್ಗೋದಿಲ್ಲವಲ್ಲ, ಮಿದುಳೇ ಅದುಮಿಹೋಗ್ತದೆ. ಮೊದಲೇ ತೂತು ಕೊರೆದು ತೆಗೆದಿದ್ರೆ ಹುಡುಗ ಉಳೀತಿದ್ದ." ಉಳಿಯುತ್ತಿದ್ದ ಎಂಬ ಮಾತು ಅಂದಿನಿಂದ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

"ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗೋಣ. ನನ್ನ ಅಣ್ಣನಿಗೂ ಹೀಗೇ ಆಗಿತ್ತು" ಎಂದು ಗಂಡ ಜಯಕೀರ್ತಿಗೆ ಹೇಳಿದಳು.

"ನಿನ್ನ ಅಣ್ಣ ಮಾಡಿನಿಂದ ಬಿದ್ದಿದ್ದ. ಅಮ್ಮ ಎಲ್ಲಿ ಬಿದ್ಲು?" ಎಂದ ಅವನು.

ವಾರಿಜಾಕ್ಷಿಯ ಕೈ ತಾಳಿಗೆ ಹೋಯಿತು. ಆ ದಿನ ಸುಮ್ಮನಾದದ್ದಕ್ಕೆ ತನ್ನನ್ನು ತಾನೇ ಎಷ್ಟು ಶಪಿಸಿಕೊಂಡಳೋ.

ಜಯಕೀರ್ತಿ ಕೆಟ್ಟವನಲ್ಲ. ತಾಯಿಯೆಂದರೆ ಪ್ರಾಣ. ತಾಯಿ ಗಂಜಿಗೆ ಮುಖ ತಿರುಗಿಸಿದಾಗ, ಕರೆದರೆ ಕಣ್ಣು ಅರೆ ತೆರೆದು ಮತ್ತೆ ಮುಚ್ಚಿದಾಗ, ಬೇರೆ ಯಾವ ಮನೆಯವರಾದರೂ ಡಾಕ್ಟರನ್ನು ಹುಡುಕಿಕೊಂಡು ಓಡುತ್ತಿದ್ದರು. ಹೊಂಬುಜದ ಬಸದಿಗಳ ನೆರಳಲ್ಲಿ ಬೆಳೆದ ಅವನಿಗೆ ಹೊಳೆದದ್ದು ಬೇರೆ. ಮುಪ್ಪಿನಲ್ಲಿ ಅನ್ನ ನೀರನ್ನು ತಾವಾಗಿ ತೊರೆದು, ಸಮಾಧಾನದಿಂದ ದೇಹ ಬಿಡುವ ಸಲ್ಲೇಖನ ವ್ರತ ಅವರಲ್ಲಿ ಎಲ್ಲಕ್ಕಿಂತ ದೊಡ್ಡದು. ಅವನು ತಾಯಿಯ ಕಿವಿಯ ಹತ್ತಿರ ಬಗ್ಗಿ, "ಅಮ್ಮಾ, ಆಹಾರ ಬಿಡ್ತೀಯಾ?" ಎಂದು ಕೇಳಿದ.

"ಹೂಂ" ಎಂದರು ಧರ್ಮಾವತಮ್ಮ.

ಮಗ ಕಣ್ಣೀರು ಸುರಿಸುತ್ತಾ ಕಾಲಿಗೆ ಬಿದ್ದ. ಅಷ್ಟೇ ಸಾಕಾಯಿತು. ಮರುದಿನ ಹೊತ್ತೇರುವುದರೊಳಗೆ ಮನೆ ತುಂಬ ಜನ. ಕಾಲು ಮುಟ್ಟುವವರೇನು, ಹಾಡು ಹೇಳುವವರೇನು! ಧರ್ಮಾವತಮ್ಮನ ಓರಗಿತ್ತಿ ಶೀಲಾವತಮ್ಮ ತಲೆದೆಸೆಯಲ್ಲಿ ಕೂತು ಯಜಮಾನಿಕೆ ವಹಿಸಿಕೊಂಡರು. ವ್ರತ ಕೊಡಲು ಮುನಿಗಳು ಬರಬೇಕು. ಅವರಿಗೆ ಹೇಳಿಕಳಿಸುವ ಮೊದಲು ನೋಡಿಹೋಗಲು ಬಸದಿಯ ಪೂಜಾರಿ ಶಾಂತಿಕುಮಾರ ಇಂದ್ರರು ಬಂದರು.

ವಾರಿಜಾಕ್ಷಿ ಅಡಿಗೆಮನೆಯಿಂದ ಹೊರಟು, ಹಾಡುತ್ತಿದ್ದವರ ನಡುವೆಯೇ ನುಗ್ಗಿ ಬಂದಳು. ಕೈಯಲ್ಲಿ ಉರಿಯುವ ದೀಪವಿತ್ತು.

"ಹಾಡು ನಿಲ್ಸಿ" ಎಂದಳು.

"ಏನೇ ಇದು, ಮಂಗಳ ಕಾರ್ಯದಲ್ಲಿ!" ಶೀಲಾವತಮ್ಮ ಎದ್ದೇಬಿಟ್ಟರು. "ಅತ್ತೆಗೆ ಪುಣ್ಯ ಬಂದ್ರೆ ಸೊಸೆಗೆ ಹೊಟ್ಟೆಕಿಚ್ಚಾ?"

"ಚಿಕ್ಕತ್ತೆ, ಸ್ವಲ್ಪ ಸರೀರಿ. ಇಂದ್ರರೇ, ಹತ್ರ ಬಂದು ಈ ಕಣ್ಣು ನೋಡಿ." ಅವಳು ಅತ್ತೆಯ ರೆಪ್ಪೆ ಎತ್ತಿ ದೀಪ ಹಿಡಿದಳು. ಒಂದು ಕಣ್ಣಿನ ಪಾಪೆ ಸಾಸಿವೆಯಷ್ಟಾಯಿತು. ಇನ್ನೊಂದು ಮೆಣಸಿನ ಕಾಳಿನಷ್ಟು ಇದ್ದದ್ದು ಹಾಗೇ ಇತ್ತು, ಬೆಳಕಿಗೆ ಮಿಸುಕಲಿಲ್ಲ. "ಇದು ವೈರಾಗ್ಯ ಅಲ್ಲ. ವೈರಾಗ್ಯ ಎರಡೂ ಕಣ್ಣಿಗೆ ಬರ್ತದೆ."

ಇಂದ್ರರು ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದರು. ಜಯಕೀರ್ತಿ ತಡೆಯಲಾರದೆ, "ವಾರಿಜಾ, ಅಮ್ಮನೇ ಬಾಯಿಬಿಟ್ಟು ಹೂಂ ಅಂದಿದಾಳೆ. ಇಂಥ ಸಾವು ಎಷ್ಟು ಜನಕ್ಕೆ ಸಿಗ್ತದೆ?" ಎಂದ.

"ಹೂಂ ಅಂದ್ರಾ? ಸರಿ, ನಾನೂ ಕೇಳ್ತೀನಿ." ಅವಳು ಅತ್ತೆಯ ಕಿವಿಯ ಬಳಿ ಬಗ್ಗಿ, ಇಡೀ ಜಗುಲಿಗೆ ಕೇಳುವಂತೆ ಕೂಗಿದಳು. "ಅತ್ತೇ! ನಾನು ಮಾಡೋ ಸಾರು ಚೆನ್ನಾಗಿರ್ತದಾ?"

ಧರ್ಮಾವತಮ್ಮನ ತುಟಿ ಅಲುಗಿತು.

"ಹೂಂ."

ಶೀಲಾವತಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ಜಯಕೀರ್ತಿಯ ಮುಖದ ಬಣ್ಣ ಇಳಿಯಿತು. ತಾಯಿಯ ಸಾವನ್ನು ಅಷ್ಟು ಸಮಾಧಾನವಾಗಿ ಒಪ್ಪಿಕೊಂಡಿದ್ದವನು ಈ ಒಂದು 'ಹೂಂ'ಗೆ ಬೆದರಿಹೋದ.

ಇಂದ್ರರು ನಿಧಾನವಾಗಿ ಹೇಳಿದರು. "ಅರಿವಿಲ್ಲದವರಿಗೆ ವ್ರತ ಕೊಡೋ ಹಾಗಿಲ್ಲ. ಆದ್ರೆ ಅಮ್ಮ, ಇದು ಮುಪ್ಪಿನ ಸಂಕಟವೂ ಆಗಿರಬಹುದಲ್ಲ. ಆಸ್ಪತ್ರೆಯವರು ಮಾಡೋದೇನಿದೆ?"

ಇನ್ನು ಹೇಳದೆ ಗತಿಯಿರಲಿಲ್ಲ. ಅವಳು ತಾಳಿಯನ್ನು ಸೆರಗಿನ ಹೊರಗೆಳೆದು ಗಂಡನ ಮುಂದೆ ಹಿಡಿದಳು.

"ಇದನ್ನ ಮುಟ್ಟಿಸಿ ಆಣೆ ಹಾಕಿಸ್ಕೊಂಡಿದ್ರು. ಈಗ ಮುರೀತಿದೀನಿ. ಆಣೆ ತಟ್ಟೋದಿದ್ರೆ ನನಗೆ ತಟ್ಲಿ. ಅತ್ತೆ ಬಿದ್ದಿದಾರೆ. ಅನಂತನ ನೋಂಪಿ ದಿನ, ದೀಪ ಹಚ್ಚಿದ ಮೇಲೆ, ಅಟ್ಟದ ಏಣಿಯಿಂದ. ಕೋಡುಬಳೆ ತಿನ್ನೋಕೆ ಹತ್ತಿದ್ರು. ತೊಲೆ ಬಡೀತು ತಲೆಗೆ."

"ಥೂ, ನಿನ್ನ ನಾಲಿಗೆ ಸೇದಿಹೋಗ!" ಶೀಲಾವತಮ್ಮ ಕಿರುಚಿದರು. "ಸಾಯೋ ಮುದುಕಿ ಮೇಲೆ ಇಂಥ ಅಪವಾದ!"

"ಹೌದು, ಸಾಯೋ ಮುದುಕಿ. ನಾನು ಸಾಯೋಕೆ ಬಿಡೋಲ್ಲ." ವಾರಿಜಾಕ್ಷಿಯ ದನಿ ಒಡೆಯಿತು. ಆದರೂ ತಗ್ಗಲಿಲ್ಲ. "ಅಣ್ಣ ಹೋಗೋದನ್ನ ನೋಡ್ತಾ ಕೂತಿದ್ದೆ, ಆಗ ಗೊತ್ತಿರ್ಲಿಲ್ಲ. ಈಗ ಗೊತ್ತು. ನಮ್ಮತ್ತೆ ಹೋಗೋದಿದ್ರೆ ನನ್ನನ್ನ ಬೈದು ಹೋಗ್ಲಿ, ತಿಳಿದು ವ್ರತ ಹಿಡಿದು ಹೋಗ್ಲಿ, ನಾನೇ ಆರತಿ ಎತ್ತುತೀನಿ. ಹೀಗೆ ಬಾಯಿ ಕಟ್ಟಿಸಿ ಕಳ್ಸೋಕೆ ಮಾತ್ರ ನನ್ನ ಹೆಣ ದಾಟಿ ಬರ್ಬೇಕು ನೀವೆಲ್ಲ!"

ಇಂದ್ರರು ಎದ್ದು ನಿಂತರು. "ಜಯಕೀರ್ತಿ, ಬಸ್ಸು ಹೋಗಿದ್ಯಾ ನೋಡು" ಎಂದರು.

ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದವು. ಡ್ರೈವರ್ ಬೆಳ್ಳಪ್ಪ ಇದ್ದಲಿಗೆ ಗಾಳಿ ತಿರುವುತ್ತಿದ್ದಾಗ ಜಯಕೀರ್ತಿ ತಾಯಿಯನ್ನು ಎತ್ತಿಕೊಂಡು ಬಂದ. "ದಾರೀಲಿ ಹೆಣ ಆದ್ರೆ ನಮ್ಮ ಗತಿ ಏನು?" ಎಂದು ಒಳಗಿನಿಂದ ಯಾರೋ ಗೊಣಗಿದರು. "ಧರ್ಮಾವತಮ್ಮನ್ನ ಹೆಣ ಅಂದವರು ಇಳ್ಕಳಿ, ಅವರು ಎಚ್ಚರಾದ್ರೆ ನನ್ನನ್ನೂ ಸೇರ್ಸಿ ಬೈತಾರೆ" ಎಂದ ಬೆಳ್ಳಪ್ಪ. ಯಾರೂ ಇಳಿಯಲಿಲ್ಲ.

ವಾರಿಜಾಕ್ಷಿ ಅತ್ತೆಯನ್ನು ಎದೆಗೆ ಒರಗಿಸಿ, ತಲೆ ಎತ್ತರದಲ್ಲೇ ಇರುವಂತೆ ಹಿಡಿದು ಕೂತಳು. ರಿಪ್ಪನ್‌ಪೇಟೆ ದಾಟಿ ಏರು ಬಂದಾಗ ಬಸ್ಸು ಏದುಸಿರು ಬಿಟ್ಟು ನಿಂತಿತು. ಜನ ಇಳಿದು ತಳ್ಳಿದರು. ಬೆಳ್ಳನೆಯ ಕಚ್ಚೆಪಂಚೆಯ ಜವಳಿ ವ್ಯಾಪಾರಿ ಜಯಕೀರ್ತಿ ಎಲ್ಲರಿಗಿಂತ ಹಿಂದೆ, ಆ ಒಲೆಯ ಪಕ್ಕದಲ್ಲೇ ಹೆಗಲು ಕೊಟ್ಟು ತಳ್ಳಿದ. ಮತ್ತೆ ಹತ್ತಿದಾಗ ಮುಖವೆಲ್ಲ ಮಸಿ, ಅದರ ಮೇಲೆ ಕಣ್ಣೀರಿನ ಗೆರೆ. ಹೆಂಡತಿಯ ಹತ್ತಿರ ಕೂತು, "ಉಸಿರಾಡ್ತಿದಾಳಾ?" ಎಂದು ಕೇಳಿದ. "ಆಡ್ತಿದಾರೆ. ನಾಡಿ ಮಾತ್ರ ತೀರಾ ನಿಧಾನ" ಎಂದಳು. ದಾರಿಯುದ್ದಕ್ಕೂ ಅವಳು ಅತ್ತೆಯನ್ನು ಬೈಯುತ್ತಲೇ ಇದ್ದಳು. ಏಳಿ, ಸಾರು ಕೆಟ್ಟಿದೆ, ಉಪ್ಪು ಸುರಿದಿದೀನಿ, ಏಳಿ. ಅತ್ತೆ ಏಳಲಿಲ್ಲ.

ಆಸ್ಪತ್ರೆಯಲ್ಲಿ ಸರ್ಜನ್ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಎಡಗಾಲಿನ ಅಂಗಾಲು ಗೀರಿ ನೋಡಿದರು. "ಎಲ್ಲಾದ್ರೂ ಬಿದ್ದಿದ್ರಾ?" ಎಂಬುದೇ ಅವರ ಮೊದಲ ಪ್ರಶ್ನೆ.

"ಬಿದ್ದಿದ್ರು" ಎಂದಳು ವಾರಿಜಾಕ್ಷಿ. ಯಾವಾಗ, ಎಲ್ಲಿಂದ, ಯಾವ ಪಕ್ಕ ಬಡಿಯಿತು, ಬೆಳಗಿನ ನೋವು, ವಾಂತಿ, ಎರಡು ಲೋಟ, ಚಪ್ಪಲಿ, ಎಲ್ಲ ಹೇಳಿದಳು.

"ಬಿದ್ದದ್ದು ಹೇಳಿದ್ದು ಒಳ್ಳೇದಾಯ್ತಮ್ಮ. ಇಲ್ದಿದ್ರೆ ಪಾರ್ಶ್ವವಾಯು ಅಂತ ಮಲಗಿಸ್ತಿದ್ವಿ" ಎಂದರು ಅವರು.

ತಲೆ ಬೋಳಿಸಿ, ಬುರುಡೆಯಲ್ಲಿ ತೂತು ಕೊರೆದರು. ಜೋನಿಬೆಲ್ಲದ ಹಾಗೆ ಕಪ್ಪಗೆ ಹಳೆಯ ರಕ್ತ ಇಳಿಯಿತಂತೆ. ಮರುದಿನ ಮಧ್ಯಾಹ್ನ ಧರ್ಮಾವತಮ್ಮ ಕಣ್ಣು ಬಿಟ್ಟರು. ಬಲಗೈಯನ್ನು ಮೆಲ್ಲಗೆ ತಲೆಗೆ ಒಯ್ದು ಸವರಿಕೊಂಡರು.

"ನನ್ನ ಕೂದ್ಲು ಯಾವ ಹಾಳಾದವಳು ತೆಗೆಸಿದ್ದೇ?"

"ನಾನೇ" ಎಂದಳು ವಾರಿಜಾಕ್ಷಿ. ಮೊಗಸಾಲೆಗೆ ಓಡಿಹೋಗಿ ಕಂಬ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಬದುಕಿಸಿಕೊಂಡದ್ದೇನೋ ಆಯಿತು. ಊರಿಗೆ ಬಂದ ಮೇಲೆ ಸೊಸೆ ಆಣೆ ಮುರಿದದ್ದು, ಕೋಡುಬಳೆಯ ಕಥೆ ಪೇಟೆಯ ತುಂಬ ಹರಡಿದ್ದು ಧರ್ಮಾವತಮ್ಮನಿಗೆ ತಿಳಿಯಿತು. ಅವರು ಒಂದು ಮಾತೂ ಆಡಲಿಲ್ಲ. ಸಾರನ್ನು ಸುಮ್ಮನೆ ಉಂಡೆದ್ದರು. ವಾರಿಜಾಕ್ಷಿ ಹೆದರಿ ದಿನವೂ ದೀಪ ತಂದು ಕಣ್ಣು ನೋಡುವಳು; ಪಾಪೆಗಳು ಎರಡೂ ಸಮವಾಗಿದ್ದವು. ಇದು ರೋಗವಲ್ಲ, ಸಿಟ್ಟು. ಆ ಮೌನ ಅವಳನ್ನು ಎಷ್ಟು ಸುಟ್ಟಿತೆಂದರೆ, ರೋಗವೇ ಮೇಲಾಗಿತ್ತೇನೋ ಎಂದುಕೊಂಡು ತಕ್ಷಣ ಕೆನ್ನೆ ಬಡಿದುಕೊಂಡಳು.

ಅಷ್ಟಮಿಯ ದಿನ ಅತ್ತೆ ಬಸದಿಗೆ ಹೊರಟರು. ಬೋಳು ತಲೆಯ ಮೇಲೆ ಸೆರಗು, ಕೈಯಲ್ಲಿ ಊರುಗೋಲು. ವಾರಿಜಾಕ್ಷಿ ನಾಲ್ಕು ಹೆಜ್ಜೆ ಹಿಂದೆ. ಪೂಜೆ ಮುಗಿದು ಹೆಂಗಸರೆಲ್ಲ ಪ್ರಾಂಗಣದಲ್ಲಿ ಕೂತಾಗ ಶೀಲಾವತಮ್ಮ ಹತ್ತಿರ ಸರಿದು, ಎಲ್ಲರಿಗೂ ಕೇಳುವ ಪಿಸುಮಾತಿನಲ್ಲಿ ಹೇಳಿದರು. "ಅಕ್ಕ, ನಿಮ್ಮ ಮಾನ ಬೀದಿಪಾಲಾಯ್ತು. ಸೊಸೆ ಹೇಳಿದ್ದು ಸುಳ್ಳು ಅಂತ ಒಂದ್ಮಾತು ಅಂದ್ಬಿಡಿ. ನಾವೆಲ್ಲ ನಂಬ್ತೀವಿ. ನೋಂಪಿಗೆ ಮತ್ತೆ ನೀವೇ ಹಿರಿಯರು."

ವಾರಿಜಾಕ್ಷಿ ತಲೆ ತಗ್ಗಿಸಿದಳು. ಸುಳ್ಳು ಅಂದುಬಿಡಲಿ ಎಂದೇ ಅವಳಿಗೂ ಅನ್ನಿಸಿತು. ಜೀವ ಉಳಿದಿದೆ, ಮಾನವೂ ಉಳಿಯಲಿ. ತನ್ನ ಹೆಸರು ಕೆಟ್ಟರೆ ಕೆಡಲಿ.

ಧರ್ಮಾವತಮ್ಮ ಊರುಗೋಲು ಊರಿ ಎದ್ದರು. ಸೆರಗನ್ನು ತಲೆಯಿಂದ ಜಾರಿಸಿದರು. ತೂತಿನ ಗುರುತು ಎಲ್ಲರಿಗೂ ಕಂಡಿತು.

"ಕೇಳ್ರೇ ಎಲ್ರೂ. ತಿಂದಿದೀನಿ. ಚತುರ್ದಶಿ ದಿನ, ಹೊತ್ತು ಮುಳುಗಿದ ಮೇಲೆ, ಕದ್ದು ತಿಂದಿದೀನಿ. ಪ್ರಾಯಶ್ಚಿತ್ತ ಎಂತದು ಅಂತ ಇಂದ್ರರು ಹೇಳ್ಲಿ, ಮಾಡ್ತೀನಿ. ಸುಳ್ಳು ಹೇಳಿ ಇನ್ನೊಂದು ಕರ್ಮ ಕಟ್ಕೊಳೋಲ್ಲ. ಹಿರಿತನ ನೀನೇ ಇಟ್ಕೋ ಶೀಲಾ. ನನ್ನ ಸೊಸೆ ಸುಳ್ಳಿ ಅಂದವರು ನನ್ನ ಮನೆ ಮೆಟ್ಟಿಲು ಹತ್ತಬೇಡಿ." ಉಸಿರು ತೆಗೆದುಕೊಳ್ಳಲು ನಿಂತು, ಯಾರ ಕಡೆಯೂ ನೋಡದೆ ಸೇರಿಸಿದರು. "ಆ ಕೋಡುಬಳೆ ಮಾಡಿದವಳೂ ಇವಳೇ. ನೋಂಪಿ ಮುರಿಯೋ ಅಷ್ಟು ಚೆನ್ನಾಗಿತ್ತು."

ಅತ್ತೆಯ ಬಾಯಲ್ಲಿ ಹೊಗಳಿಕೆ! ವಾರಿಜಾಕ್ಷಿ ಹಾರಿ ಎದ್ದು, ಗೂಡಿನಲ್ಲಿದ್ದ ದೀಪ ಕಿತ್ತುಕೊಂಡು ಬಂದು ಅತ್ತೆಯ ಮುಖದ ಮುಂದೆ ಹಿಡಿದಳು. "ಅತ್ತೆ, ಇಲ್ಲಿ ನೋಡಿ. ತಲೆ ನೋಯ್ತಿದ್ಯಾ? ನಾನು ಎಷ್ಟು ಜನ ಕಾಣ್ತೀನಿ?"

"ಒಬ್ಬಳೇ ಸಾಕಾಗಿದೀಯ, ದೀಪ ಅತ್ಲಾಗಿಡೇ, ಹುಬ್ಬು ಸುಟ್ಟೀಯ!" ಧರ್ಮಾವತಮ್ಮ ಗದರಿದರು. "ಚೆನ್ನಾಗಿತ್ತು ಅಂದೆ, ಅಷ್ಟಕ್ಕೇ ಕುಣೀಬೇಡ. ಉಪ್ಪು ಜಾಸ್ತಿ ಇತ್ತು."

ವಾರಿಜಾಕ್ಷಿಗೆ ಹೋದ ಜೀವ ಬಂತು.